ಕೆರೆಯತ್ತಿಗೆಯ ನಾಲ್ಕು ದಿನ

ಕೆರೆ ಇರುವ ಊರಿಗೆ ಸೊಸೆಯಾಗಿ ಹೋದವಳಿಗೆ ಗಂಡನ ಕಡೆಯವರೆಲ್ಲ ಸೇರಿ ಇಟ್ಟ ಹೆಸರು ಕೆರೆಯತ್ತಿಗೆ. ಆ ಊರನ್ನು ನೋಡಿದವರು ಯಾರೂ ಕೆಟ್ಟ ಮಾತು ಆಡಿದ್ದಿಲ್ಲ. ನೀರಿನ ಸುತ್ತ ಮರಗಳ ನೆರಳಿನ ದಾರಿ, ಬಾಡಿಗೆಗೆ ದೋಣಿ, ಬೇಸಿಗೆಯಲ್ಲೂ ಫ್ಯಾನು ಬೇಡದ ರಾತ್ರಿಗಳು. ದೋಣಿಯ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂರುವವನು ಅವಳ ಗಂಡ. ಮನೆ ದಡದಿಂದ ಕೂಗಳತೆ. ನೆಂಟರಿಗೆ ಇನ್ನೇನು ಬೇಕು?

ರಜೆ ಶುರುವಾದರೆ ನಾದಿನಿಯ ಸಂಸಾರ ಬರುತ್ತಿತ್ತು. ಅವರು ಹೊರಡಲು ಚಪ್ಪಲಿ ಮೆಟ್ಟುವ ಹೊತ್ತಿಗೆ ಗಂಡನ ಚಿಕ್ಕಪ್ಪನ ಮಕ್ಕಳು. ಕೆರೆ ಕಾಣುವ ಮುಂದಿನ ಕೋಣೆ ಅವರಿಗೆ, ಅಡುಗೆಮನೆಯ ಮೂಲೆಯ ಚಾಪೆ ಇವಳಿಗೆ. ಕೆರೆ ಅವಳಿಗೆ ಗೊತ್ತಿದ್ದದ್ದು ಬೇರೆ ಥರ: ಒದ್ದೆ ಟವೆಲಿನ ಮುಗ್ಗಲು ವಾಸನೆಯಾಗಿ, ಬಚ್ಚಲ ತೂತಿಗೆ ಕಟ್ಟಿಕೊಂಡ ಮರಳಾಗಿ, 'ಈ ಗಾಳಿಗೆ ಹಸಿವು ಜಾಸ್ತಿ' ಎಂದು ಮತ್ತೆ ಮುಂದಾಗುವ ತಟ್ಟೆಗಳಾಗಿ. ಮಹಡಿಯಲ್ಲಿ ಹೊದಿಕೆ ಒಣಹಾಕುವಾಗ ಎರಡು ಹಗ್ಗಗಳ ನಡುವೆ ನೀರು ಒಂದು ಪಟ್ಟಿಯಷ್ಟು ಹೊಳೆಯುತ್ತಿತ್ತು. ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗುತ್ತಿದ್ದರು.

"ಪುಣ್ಯವಂತೆ ಬಿಡಿ ಅತ್ತಿಗೆ ನೀವು," ನಾದಿನಿ ಪ್ರತಿಸಲ ಕಾಲು ಚಾಚಿಕೊಂಡು ಅನ್ನುವಳು. "ನಾವು ವರ್ಷವಿಡೀ ಕಾಯ್ಬೇಕು. ನಿಮಗೆ ದಿನಾ ರಜ."

"ಹೌದಮ್ಮ, ರಜದಲ್ಲೇ ಸವೆದುಹೋದೆ," ಎಂದರೆ ಎಲ್ಲರೂ ನಗುವರು, ತಮಾಷೆ ಎಂದುಕೊಂಡು.

ಈ ಸಲ ಕೊನೆಯ ನೆಂಟರ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಹೊದಿಕೆಗಳನ್ನು ನೆನೆಹಾಕಲಿಲ್ಲ. ರಾಶಿಯನ್ನು ಹಾಗೇ ಬಿಟ್ಟು ಗಂಡನಿಗೆ ಹೇಳಿದಳು, "ನಾಲ್ಕು ದಿನ ಅಕ್ಕನ ಮನೆಗೆ ಹೋಗಿಬರ್ತೀನಿ."

"ಆ ಊರಲ್ಲಿ ಏನಿದೆ ಅಂತ? ಪೈಪ್ ಫ್ಯಾಕ್ಟರಿ, ಧೂಳು."

"ಏನೂ ಇಲ್ಲ. ಅದಕ್ಕೇ."

ಅಕ್ಕನಿಗೆ ಫೋನ್ ಮಾಡಿ, ಬರ್ತೀನಿ ಎಂದಳು. "ನಿನಗೆ ನೂರು ವರ್ಷ ಆಯಸ್ಸು!" ಎಂದಳು ಅಕ್ಕ. "ಈಗಷ್ಟೇ ನಿನ್ನ ಮಾತೇ ಎತ್ತಿದ್ವಿ. ನೀನ್ಯಾಕೆ ಈ ಧೂಳು ಕುಡಿಯೋಕೆ ಬರ್ತೀಯೆ? ನಾವೇ ಹೊರಟಿದ್ದೀವಿ. ನಿಮ್ಮ ಭಾವ, ಹುಡುಗರು, ಎಲ್ಲರೂ. ಶನಿವಾರ."

"ಬನ್ನಿ ಬನ್ನಿ, ಅದಕ್ಕೇನು," ಎಂದಿತು ನಾಲಿಗೆ, ಅವಳನ್ನು ಕೇಳದೆ. ಫೋನಿಟ್ಟು ಹೊದಿಕೆಗಳ ರಾಶಿಯ ಮೇಲೆಯೇ ಕುಸಿದಳು. ಅಳು ಬರಲಿಲ್ಲ, ಅಳುವುದಕ್ಕೂ ತ್ರಾಣ ಬೇಕು. ಎದ್ದು ಬಕೆಟ್ಟಿಗೆ ನೀರು ಬಿಟ್ಟಳು. ಅದು ತುಂಬುವ ಮೊದಲೇ ನಲ್ಲಿ ನಿಲ್ಲಿಸಿ ಮತ್ತೆ ಫೋನ್ ಹಚ್ಚಿದಳು.

"ಅಕ್ಕಾ, ನೀವು ಬರಬೇಡಿ."

ಅಕ್ಕ ಕಾರಣ ಕೇಳುವ ಮೊದಲೇ ಮುಂದುವರಿಸಿದಳು.

"ಬಂದವರಿಗೆಲ್ಲ ಬೇಯಿಸಿ ಹಾಕಿ ಸಾಕಾಗಿದೆ ಕಣಕ್ಕ. ನಿನ್ನ ಮನೇಲಿ ಯಾರಾದ್ರೂ ಬಡಿಸಿದ್ದನ್ನ ಕೂತು ಉಣ್ಬೇಕು ಅನ್ನಿಸಿತ್ತು."

"ಯಾರಾದ್ರೂ ಅಂದ್ರೆ ಯಾರೇ? ನಾನೇ ತಾನೆ?" ಅಕ್ಕನ ದನಿ ಚುರುಕಾಯಿತು. "ನಾನೂ ಅದನ್ನೇ ಎಣಿಸಿಕೊಂಡು ಹೊರಟಿದ್ದೆ. ತಂಗಿ ಮನೇಲಾದ್ರೂ ಒಲೆ ಮುಖ ನೋಡೋದು ತಪ್ಪುತ್ತೆ ಅಂತ. ಆ ನಿನ್ನ ಕೆರೆ ಯಾರಿಗೆ ಬೇಕಿತ್ತು!"

ಕೆರೆಯತ್ತಿಗೆ ತಬ್ಬಿಬ್ಬಾದಳು. ತಾನೂ ನಾದಿನಿಯ ಹಾಗೆ ಕಾಲು ಚಾಚಲು ಹೊರಟಿದ್ದಳು, ಅಕ್ಕನ ಬೆನ್ನ ಮೇಲೆ. ಅದು ಹೊಳೆದೇ ಇರಲಿಲ್ಲ. ನಾದಿನಿಯೂ ತನ್ನ ಮನೆಯಲ್ಲಿ ಒಂದು ದಿನವಾದರೂ ಕಾಲು ಚಾಚುತ್ತಾಳೋ ಇಲ್ಲವೋ.

"ಹಾಗಾದ್ರೆ ಇಬ್ಬರೂ ಒಟ್ಟಿಗೆ ಸಾಯೋಣ ಬಿಡು," ಎಂದಳು.

"ಸತ್ತರೆ, ನೋಡೋಕೆ ಬಂದವರಿಗೆ ಚಹಾ ಕಾಸೋರು ಯಾರೇ?"

ಇಬ್ಬರಿಗೂ ನಗು ಬಂತು. ಕೆಮ್ಮು ಬರುವ ತನಕ ನಕ್ಕರು. ಕೊನೆಗೆ ಅಕ್ಕನೇ, "ಒಂದು ಕೆಲಸ ಮಾಡೋಣ. ಕೆರೆ ಬೇಕಾದವರು ಕೆರೆಗೆ ಬರಲಿ. ನೀನು ಇಲ್ಲಿಗೆ ಬಾ," ಎಂದಳು.

"ಅವರಿಗೆ ಅಡುಗೆ?"

"ನಿಮ್ಮ ಯಜಮಾನ್ರಿದ್ದಾರೆ, ನಮ್ಮನೆಯವರೂ ಬರ್ತಾರೆ. ನಾಲ್ಕು ಕೈ ಆಯ್ತಲ್ಲ!"

ಗಂಡ ಹೌಹಾರಿದ. "ಬರೋ ನೆಂಟರನ್ನ ಬಿಟ್ಟು ಹೊರಡ್ತೀಯಾ? ಬಂದವರು ಏನಂತಾರೆ?"

"ಕೆರೆ ಚೆನ್ನಾಗಿತ್ತು ಅಂತಾರೆ. ಯಾವಾಗ್ಲೂ ಅಷ್ಟೇ ತಾನೇ ಅನ್ನೋದು."

ಶನಿವಾರ ಭಾವ, ಹುಡುಗರು ಕೆರೆಯ ಊರಲ್ಲಿ ಇಳಿಯುವ ಹೊತ್ತಿಗೆ ಇವಳು ಅಕ್ಕನ ಊರಲ್ಲಿ ಇಳಿದಳು. ಅಕ್ಕ ಬ್ರೆಡ್ಡು, ಬಾಳೆಹಣ್ಣು ತಂದಿಟ್ಟಿದ್ದಳು. ತಟ್ಟೆಯಿಲ್ಲದೆ ತಿಂದರು, ಚಾಪೆ ಹಾಸಿ ಬಿದ್ದುಕೊಂಡರು. ಮರುದಿನ ಕತ್ತಲಿರುವಾಗಲೇ ಕೆರೆಯತ್ತಿಗೆ ಎದ್ದು ಕೂತಳು. ಯಾರಿಗಾಗಿ ಎದ್ದೆ ಎಂದು ನೆನಪಾಗದೆ ಮತ್ತೆ ಮಲಗಿದಳು. ಮಧ್ಯಾಹ್ನ ಗಂಡನ ಫೋನು.

"ಬೇಳೆ ಡಬ್ಬ ಎಲ್ಲಿದೆಯೇ?"

"ನಿಮ್ಮ ಕಣ್ಣ ಮುಂದೆ."

ಸ್ವಲ್ಪ ಹೊತ್ತಿಗೆ ಅಕ್ಕನ ಫೋನೂ ಬಡಿದುಕೊಂಡಿತು. ಅಕ್ಕ ಅದನ್ನು ದಿಂಬಿನ ಕೆಳಗೆ ತಳ್ಳಿದಳು. "ನಾಲ್ಕು ದಿನ ಬಿಟ್ಟು ಹೋದರೆ ಎಂಟು ದಿನದ ಕೆಲಸ ಕಾದಿರುತ್ತೆ, ಗೊತ್ತಲ್ಲ?"

"ಗೊತ್ತು," ಎಂದು ಕೆರೆಯತ್ತಿಗೆ ಊದಿದ ಪಾದಗಳನ್ನು ಎತ್ತಿ ಗೋಡೆಗೆ ಆನಿಸಿದಳು. ಹೊರಗೆ ಲಾರಿಯೊಂದು ಹೋಯಿತು. ಕಿಟಕಿಯ ಗಾಜಿನ ಮೇಲೆ ಧೂಳು ಮೆಲ್ಲಗೆ ಬಂದು ಕೂತಿತು. ಇಬ್ಬರೂ ಅದನ್ನು ನೋಡುತ್ತ ಮಲಗಿದ್ದರು.