ಉಪಾಧ್ಯ ಮಾಮನ ಲ್ಯಾಮಿನೇಷನ್

ಮಲೇಷ್ಯಾದ ಪುಚೊಂಗ್‌ನ ನಮ್ಮ ಕಾಂಡೋದಲ್ಲಿ ಲಿಫ್ಟಿನಿಂದ ಇಳಿದರೆ ಉಳಿದ ಮನೆಗಳಿಂದ ಒಗ್ಗರಣೆಯ ಘಮ ಬರುತ್ತಿತ್ತು, ಉಪಾಧ್ಯ ಮಾಮನ ಮನೆಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಕೈಗೆ ಸಿಕ್ಕ ಕಾಗದವನ್ನೆಲ್ಲ ಲ್ಯಾಮಿನೇಟ್ ಮಾಡುವುದು ಅವರ ಹುಚ್ಚು. ಉಡುಪಿಯವರು, ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಹುಡುಗನಾಗಿದ್ದಾಗ ಅಂಕಪಟ್ಟಿಗೆ ಬೂಷ್ಟು ಹಿಡಿದು ಅಕ್ಷರವೆಲ್ಲ ಅಳಿಸಿ, ಒಂದು ವರ್ಷ ಕಾಲೇಜು ಸೇರಲಾಗದೆ ಮನೆಯಲ್ಲಿ ಕೂತಿದ್ದರಂತೆ.

"ಕಾಗದ ಹೋದ್ರೆ ಮನುಷ್ಯ ಹೋದ ಹಾಗೇ ಮಾರಾಯ್ತಿ," ಎನ್ನುತ್ತಿದ್ದರು. ನನ್ನ ಮಗಳ ಡ್ರಾಯಿಂಗ್ ಸರ್ಟಿಫಿಕೇಟು, ಕಸದ ಗಾಡಿಯ ವೇಳಾಪಟ್ಟಿ, ಕೆಳಗಿನ ಮಾಮಕ್ ಹೋಟೆಲಿನ ಮೆನು, ಯಾವುದನ್ನೂ ಬಿಟ್ಟವರಲ್ಲ. "ಒಂದಿನ ನನ್ನನ್ನೂ ಮೆಷಿನ್ನಿಗೆ ತುರುಕ್ತೀರಾ ಮಾಮ," ಎಂದು ರೇಗಿಸುತ್ತಿದ್ದೆ.

ಅವರ ಹೆಂಡತಿ ಸುಮತಿ ಅತ್ತೆ ಕೊನೆಯ ಆರು ತಿಂಗಳು ಚಿಕಿತ್ಸೆಗೆಂದು ಜರ್ಮನಿಯಲ್ಲಿ ಮಗಳು ವೀಣಾಳ ಜೊತೆಗಿದ್ದರು. ಆಸ್ಪತ್ರೆಗೆ ಓಡಾಡಿದ್ದು ವೀಣಾಳ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ. ಅಮ್ಮ ಒರಗಿಸಿಕೊಂಡಿದ್ದ ಸೀಟನ್ನು ಅವಳು ಮತ್ತೆ ನೆಟ್ಟಗೆ ಮಾಡಲೇ ಇಲ್ಲ. ಪೋರ್ಚುಗಲ್ಲಿನಲ್ಲಿ ಹೊಸ ಕೆಲಸ ಸಿಕ್ಕಾಗ, "ಮಾರಿಬಿಡು" ಅಂದವರಿಗೆಲ್ಲ ಒಂದೇ ಉತ್ತರ: "ಅಮ್ಮ ಕೂತ ಕಾರು. ಕೊಡುದಿಲ್ಲ."

ಅಲ್ಲಿಗೆ ಹೋಗುವ ಮೊದಲು ಅಮ್ಮನ ವರ್ಷಾಬ್ದಿಕಕ್ಕೆ ಇಲ್ಲಿಗೆ ಬಂದಳು. ಹೊಸ ದೇಶದಲ್ಲಿ ಕಾರನ್ನು ನೋಂದಾಯಿಸಲು ಬೇಕಾದ ಕಾಗದಗಳ ಫೈಲೂ ಜೊತೆಗಿತ್ತು. ನಾನೂ ಅವಳೂ ಎಳ್ಳು, ಬಾಳೆಲೆ ತರಲು ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಬರುವಷ್ಟರಲ್ಲಿ ಮಾಮ ಬಾಗಿಲಲ್ಲೇ ನಿಂತಿದ್ದರು, ಮುಖ ಅರಳಿತ್ತು. ಫೈಲಿನಲ್ಲಿದ್ದ ಕಾರಿನ ಒರಿಜಿನಲ್ ದಾಖಲೆ ಗಾಜಿನ ಹಾಗೆ ಮಿನುಗುತ್ತಿತ್ತು.

"ಎಲ್ಲ ಮುದುಡಿ ಹೋಗಿತ್ತು ಮಗಾ. ಇನ್ನು ನೂರು ವರ್ಷ ಎಂತ ಆಗುದಿಲ್ಲ."

ವೀಣಾ ನಕ್ಕು ಅಪ್ಪನನ್ನು ತಬ್ಬಿಕೊಂಡಳು. ಮೂರ್ಖಳ ಹಾಗೆ ನಾನೂ "ಸೂಪರ್ ಮಾಮ!" ಅಂದೆ.

ಕಾರು ಸಮೇತ ಪೋರ್ಚುಗಲ್ ಸೇರಿದ ವೀಣಾಳ ಫೋನ್ ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. "ಅಪ್ಪ, ಪ್ಲಾಸ್ಟಿಕ್ ಹಾಕಿದ್ದು ಒರಿಜಿನಲ್ ಅಂತ ಆಫೀಸಲ್ಲಿ ಒಪ್ಪುದಿಲ್ಲಂತೆ. ಕಾಗದ ಮುಟ್ಟಿ ನೋಡ್ಬೇಕಂತೆ."

ಮಾಮನ ಮುಖ ಬಿಳಿಚಿಕೊಂಡಿತು. "ಬಿಡಿಸ್ಲಿಕ್ಕೆ ಆಗ್ತದೆ. ನಾನು ನೋಡಿ ಹೇಳ್ತೇನೆ," ಎಂದವರೇ ಅಡುಗೆಮನೆಗೆ ಹೋಗಿ, ಸುಮತಿ ಅತ್ತೆ ತಮ್ಮ ಕೈಯಲ್ಲಿ ಬರೆದಿಟ್ಟಿದ್ದ ಸಾರಿನ ಪುಡಿಯ ಅಳತೆಯ ಲ್ಯಾಮಿನೇಟ್ ಆದ ಚೀಟಿಯನ್ನು ಗೋಡೆಯಿಂದ ಕಿತ್ತು ತಂದರು.

"ಅದು ಬೇಡ ಮಾಮ!"

"ಕಾರಿನ ಕಾಗದ ಮಾಡಿದ ದಿನವೇ ಅದೇ ಕವರಲ್ಲಿ ಮಾಡಿದ್ದು. ಇದು ಬಂದ್ರೆ ಅದೂ ಬರ್ತದೆ."

ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿ, ಮೂಲೆಯಿಂದ ಮೆಲ್ಲಗೆ ಎಳೆದರು. ಪ್ಲಾಸ್ಟಿಕ್ ಬಂತು, ಅದರ ಜೊತೆಗೇ ಅತ್ತೆಯ ಅಕ್ಷರಗಳೂ ಬಂದವು. ಕೊತ್ತಂಬರಿ, ಮೆಂತ್ಯ, ಎಲ್ಲ ಉಲ್ಟಾ ಆಗಿ ಪ್ಲಾಸ್ಟಿಕ್ಕಿಗೆ ಅಂಟಿದ್ದವು. ಮಾಮ ಕುರ್ಚಿಯಲ್ಲಿ ಕುಸಿದರು.

ಜರ್ಮನಿಯಿಂದ ಬದಲಿ ದಾಖಲೆ ತರಿಸಲು ವೀಣಾ ಒದ್ದಾಡುವಷ್ಟರಲ್ಲಿ ನೋಂದಣಿಯ ಗಡುವು ಮುಗಿಯಿತು. ಓಡಿಸುವಂತಿಲ್ಲ, ನಿಲ್ಲಿಸಲು ಜಾಗವಿಲ್ಲ. ಕಾರು ಗುಜರಿಗೆ ಹೋಯಿತು. "ಇರ್ಲಿ ಅಪ್ಪ," ಅಂದಳಂತೆ, ಅಷ್ಟೇ.

ಆಮೇಲೆ ಮಾಮ ಮೆಷಿನ್ನಿನ ವಯರು ಕತ್ತರಿಸಿ ಹಾಕಿದರು. ಕೊನೆಯ ಸಲ ನಾನು ಹೋಟೆಲಿನಿಂದ ಇಡ್ಲಿ ತಪಾವ್ ಕಟ್ಟಿಸಿ ತಂದು ಕೊಟ್ಟಾಗ ಡಬ್ಬಿಯನ್ನು ತೆರೆಯಲೂ ಇಲ್ಲ. "ಅವಳು ಬೈಲೇ ಇಲ್ಲ ಮಾರಾಯ್ತಿ. ಫೋನು ಮಾಡಿ ಬೇಡಿದೆ, ಒಂದು ಸಲ ಬೈ ಮಗಾ ಅಂತ. ಊಟ ಆಯ್ತಾ ಅಂತ ಕೇಳ್ತಾಳೆ." ಅದಾಗಿ ಎಂಟೇ ದಿನಕ್ಕೆ ಹೃದಯಾಘಾತದಲ್ಲಿ ಹೋಗಿಬಿಟ್ಟರು.

ಮಾಮನ ಮರಣ ಪ್ರಮಾಣಪತ್ರದ ನಕಲು ಮಾಡಿಸಲು, ಪೋರ್ಚುಗಲ್ಲಿನಿಂದ ಬಂದಿದ್ದ ವೀಣಾಳ ಜೊತೆ ನಾನೂ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ ಎಲ್ಲರನ್ನೂ ಕೇಳುವಂತೆ ನಮ್ಮನ್ನೂ ಕೇಳಿದಳು: "ಒರಿಜಿನಲ್ ಲ್ಯಾಮಿನೇಟ್ ಮಾಡ್ಬೇಕಾ?"

"ಬೇಡ, ಬೇಡ!" ಎಂದು ಕಿರುಚಿದೆ.

"ಮಾಡ್ಲಿ ಅಕ್ಕ," ಎಂದಳು ವೀಣಾ.

ಮೆಷಿನ್ ಬಿಸಿಯಾಯಿತು. ಕಾಗದ ಒಳಗೆ ಹೋಯಿತು, ಆ ವಾಸನೆ ಬಂತು. ಅಷ್ಟು ದಿನ ಒಂದು ಮಾತೂ ಬೈಯದವಳು ಬಿಸಿ ಪ್ಲಾಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಿಡಿದು, ಜನರೆದುರೇ ಅದನ್ನು ಬೈಯತೊಡಗಿದಳು: "ಯಾಕಪ್ಪಾ ಮುಟ್ಟಿದ್ರಿ? ನನ್ನನ್ನು ಒಂದು ಮಾತು ಕೇಳ್ಬಾರ್ದಿತ್ತಾ? ಯಾಕಪ್ಪಾ ಮುಟ್ಟಿದ್ರಿ?"