ಖಾಲಿಯಾದ ತರಗತಿ

ಆಲ್ದೂರಿನಲ್ಲಿ ಜೀಪ್ ಗ್ಯಾರೇಜ್ ಇಟ್ಟಿದ್ದ ರಜಬ್ ಅಲಿಯ ಮಗಳು ಶೈಮಾ, ಚಿಕ್ಕಮಗಳೂರಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿಯ ಎಂ.ಎ.ಗೆ ಸೇರಿದಾಗ ಸಂಖ್ಯಾಶಾಸ್ತ್ರ ಓದಬೇಕೆಂದು ಆಸೆಪಟ್ಟಿದ್ದಳು. ವಿಷಯಗಳ ಆಯ್ಕೆಗೆ ಸಲಹೆ ಕೊಡುತ್ತಿದ್ದ ಪ್ರೊಫೆಸರ್ ಚಂದ್ರಶೇಖರ ನಕ್ಕುಬಿಟ್ಟರು. "ನಿಂಗೆ ಆ ತಲೆನೋವೆಲ್ಲ ಯಾಕಮ್ಮ? ನಾಳೆ ಮದ್ವೆಯಾಗಿ ಹೋಗೋಳು. ನನ್ನ ಗ್ರಾಮೀಣಾಭಿವೃದ್ಧಿ ತಗೋ, ಸುಲಭ."

ತೆಗೆದುಕೊಂಡಳು. ಮುಂದೆ ಯಾವ ಸಂಶೋಧನಾ ಸಂಸ್ಥೆಗೆ ಹೋದರೂ ಸಂಖ್ಯಾಶಾಸ್ತ್ರ ಓದಿಲ್ಲವೆಂದು ವಾಪಸ್ ಕಳಿಸಿದರು. ಹಲ್ಲು ಕಚ್ಚಿ ಅದನ್ನೇ ಬೇರೆಡೆ ಓದಿ ಪಾಸಾದಳು. ತಾನು ಎಂ.ಎ. ಓದಿದ ವಿಭಾಗಕ್ಕೇ ಅಧ್ಯಾಪಕಿಯಾಗಿ ಬಂದಳು. ಸಲಹೆ ಕೊಡುವ ಕೆಲಸ ಚಂದ್ರಶೇಖರರಿಗೆ ಬೇಸರವಾಗಿತ್ತು. ಅವಳು ಕೇಳಿದ್ದೇ ತಡ, ಬಿಟ್ಟುಕೊಟ್ಟರು.

ಅಂದಿನಿಂದ ಶೈಮಾ ಪ್ರತಿ ವಿದ್ಯಾರ್ಥಿಯನ್ನೂ ಎದುರಿಗೆ ಕೂರಿಸಿಕೊಂಡು, ಮುಂದೆ ಯಾವ ಕೆಲಸ ಬೇಕೆಂದು ಕೇಳಿ, ಅದಕ್ಕೆ ತಕ್ಕ ವಿಷಯ ಹೊಂದಿಸಿಕೊಟ್ಟಳು. ಒಬ್ಬರೂ ಚಂದ್ರಶೇಖರರ ತರಗತಿಗೆ ಹೋಗಲಿಲ್ಲ. ಸಂಸೆಯ ಕೃತಿಕಾ ಮಾತ್ರ ಹಟ ಹಿಡಿದಳು: "ನಮ್ಮೂರ ಪಂಚಾಯ್ತಿಲೇ ಕೆಲ್ಸ ಮಾಡ್ಬೇಕು ಮೇಡಂ. ನಂಗೆ ಗ್ರಾಮೀಣಾಭಿವೃದ್ಧಿನೇ ಬೇಕು." ಅವಳಿಗೆ ಅದೇ ಸರಿಯಾದ ವಿಷಯವೆಂದು ಶೈಮಾಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರಯೋಜನಕ್ಕೆ ಬರುವುದಿಲ್ಲವೆಂದು ಹೆದರಿಸಿ ತಪ್ಪಿಸಿದಳು.

ವಿದ್ಯಾರ್ಥಿಗಳಿಲ್ಲದೆ ಆ ವಿಷಯದ ಪಾಠವೇ ನಿಂತುಹೋಯಿತು. ಚಂದ್ರಶೇಖರರು ಅವಳ ಕೋಣೆಗೆ ಬಂದು ಕೂತರು. "ಇಷ್ಟು ವರ್ಷ ಪಾಠ ಮಾಡಿದ್ ವಿಷಯ ಕಣಮ್ಮ. ನಾಕು ಮಕ್ಕಳನ್ನಾದ್ರೂ ಕಳಿಸ್ಬಹುದಿತ್ತು."

"ಕಳಿಸ್ಬಹುದಿತ್ತು ಸರ್," ಎಂದಳು ಶೈಮಾ. "ಬೇಕಂತಲೇ ಕಳಿಸ್ಲಿಲ್ಲ."

ಅವರು ಎದ್ದು ಹೋದರು. ಸಂಜೆ ಆಲ್ದೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಶೈಮಾ ತನ್ನಷ್ಟಕ್ಕೆ ನಕ್ಕಳು. ಅಂಥ ಸುಖ ಅವಳಿಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.