ಡಾಲರಿಗೆ ಇಸ್ತ್ರಿ ಹಾಕುವ ಕಂಡಕ್ಟರ್ ನೇತ್ರಾ

ಬೆಳಗಿನ ನಾಲ್ಕೂಮುಕ್ಕಾಲು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮನೆಯೊಂದರಲ್ಲಿ ಇಸ್ತ್ರಿಪೆಟ್ಟಿಗೆ ಕಾದಿದೆ. ಖಾಕಿ ಅಂಗಿಯ ಸರದಿ ಮುಗಿದಿದೆ. ಈಗ ಮೇಜಿನ ಮೇಲೆ ಹಳೆಯ ಕಾಟನ್ ಸೀರೆ, ಅದರ ಪದರದೊಳಗೆ ಇಪ್ಪತ್ತು ಡಾಲರಿನ ಒಂದು ನೋಟು. ನೇತ್ರಾ ಪೆಟ್ಟಿಗೆಯ ಬಿಸಿಯನ್ನು ಬೆರಳ ತುದಿಯಲ್ಲಿ ನೋಡಿಕೊಂಡು ಸೀರೆಯ ಮೇಲೆ ಒಮ್ಮೆ ಎಳೆಯುತ್ತಾರೆ, ನೋಟನ್ನು ಬೆಳಕಿಗೆ ಹಿಡಿಯುತ್ತಾರೆ, ಮಗಳ ಪರೀಕ್ಷೆ ಪ್ಯಾಡಿಗೆ ಸಿಕ್ಕಿಸುತ್ತಾರೆ. ಇಂಥವು ಇನ್ನೂ ನೂರಿಪ್ಪತ್ತೊಂಬತ್ತು ಇವೆ. ಕಾಫಿ ಲೋಟ ತಂದಿಟ್ಟ ಅತ್ತೆ ದಾಕ್ಷಾಯಣಮ್ಮ, ತಮ್ಮ ಮಗನ ಶರ್ಟಿಗೆ ಈ ಭಾಗ್ಯ ಒಂದು ದಿನವೂ ಒದಗಿಲ್ಲವೆಂದು ಗೊಣಗಿಕೊಂಡು ಒಳಗೆ ಹೋಗುತ್ತಾರೆ.

ನಲವತ್ನಾಲ್ಕರ ನೇತ್ರಾ ಹರದನಹಳ್ಳಿಯ ರೈತರ ಮನೆಯ ಮಗಳು, ಸರ್ಕಾರಿ ಬಸ್ಸಿನ ಕಂಡಕ್ಟರ್. ವರ್ಷಕ್ಕೊಮ್ಮೆ ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಇಲಾಖೆಯ ಅನುಮತಿ ಪತ್ರ ಹಿಡಿದು, ಹಾಸನದ ಚಾರಣ ತಂಡವೊಂದರ ಖಜಾಂಚಿಯಾಗಿ ಹೊರದೇಶದ ಬೆಟ್ಟಕ್ಕೆ ಹೋಗುತ್ತಾರೆ. ಸಂಬಳವಿಲ್ಲ, ಹೋಗಿಬರುವ ಖರ್ಚು ತಂಡದ್ದು. ಇನ್ನು ಎಂಟು ದಿನಕ್ಕೆ ಎರಡನೇ ಸಲ ಕಿಲಿಮಂಜಾರೋ.

ಇವರನ್ನು ಪತ್ತೆ ಹಚ್ಚಿದವರು ತಂಡದ ಮುಖಂಡ ಶಶಿಕಿರಣ್. ಅದಕ್ಕೂ ಮೊದಲು ನೇಪಾಳದಲ್ಲಿ ತಂಡದ ಹಣ ಮೂವರು ಇಂಜಿನಿಯರುಗಳ ಕೈಯಲ್ಲಿತ್ತು. ಮೂರನೇ ದಿನಕ್ಕೆ ಲೆಕ್ಕ ಸರಿಯಿತ್ತು, ಮೂವರ ನಡುವೆ ಮಾತು ನಿಂತಿತ್ತು. ಊರಿಗೆ ಬಂದ ಮೇಲೆ ಒಂದು ದಿನ ಶಶಿಕಿರಣ್ ನೇತ್ರಾ ಅವರ ಬಸ್ ಹತ್ತಿದರು. ಚಿಲ್ಲರೆ ಇಲ್ಲದಾಗ ಈ ಕಂಡಕ್ಟರ್ ಅರಕಲಗೂಡಿನಲ್ಲಿ ಇಳಿಯುವ ಇಬ್ಬರು ಅಪರಿಚಿತರ ಕೈಗೆ ಒಂದೇ ನೂರರ ನೋಟು ಕೊಟ್ಟು, ಇಳಿದ ಮೇಲೆ ಹಂಚಿಕೊಳ್ಳಿ ಎಂದರು. ಇಬ್ಬರೂ ಇಳಿದು ಹೋಟೆಲಿಗೆ ಹೋಗಿ ಟೀ ಕುಡಿದು ನೋಟು ಮುರಿಸಿದರು. ಕಿಟಕಿಯಿಂದ ಅದನ್ನು ನೋಡಿದ ಶಶಿಕಿರಣ್‌ಗೆ ತಮ್ಮ ಖಜಾಂಚಿ ಸಿಕ್ಕಿದ್ದರು.

ಹತ್ತೊಂಬತ್ತು ವರ್ಷದ ಸರ್ವೀಸು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ನಡುವೆ ದಿನಕ್ಕೆ ನಾಲ್ಕು ಟ್ರಿಪ್ಪು, ಸುಮಾರು ನಾನೂರು ಜನ, ಅರ್ಧಕ್ಕಿಂತ ಹೆಚ್ಚು ಹೆಂಗಸರ ಶೂನ್ಯ ಟಿಕೆಟ್ಟು. ಸೇರಿದ ಹೊಸತರಲ್ಲಿ ದಾರಿಯ ಸ್ಟಾಪುಗಳಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ಹಾಗಾಗಿ ಮಧ್ಯಾಹ್ನದವರೆಗೆ ನೀರು ಮುಟ್ಟದಿರುವುದನ್ನು ರೂಢಿ ಮಾಡಿಕೊಂಡರು. ಕಿಲಿಮಂಜಾರೋದ ಗೈಡ್ ಎಮಾನುಯೆಲ್, ಎತ್ತರದ ಜಾಗ, ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕು ಎಂದು ಬಾಟಲಿ ಹಿಡಿದು ಬೆನ್ನು ಹತ್ತಿದ್ದ. "ಬೆಟ್ಟ ಅತ್ತಾದು ಕಷ್ಟ ಆಗ್ಲಿಲ್ಲ ಸಾ," ಎನ್ನುತ್ತಾರೆ ನೇತ್ರಾ. "ಆ ನೀರು ಕುಡಿಯಾದೇ ಕಷ್ಟ ಆಗಿದ್ದು."

ಬ್ಯಾಂಕ್ ಕಾರ್ಡಿನ ವಿಷಯದಲ್ಲಿ ಅವರು ಯಾರನ್ನೂ ನಂಬುವವರಲ್ಲ. ಹೊರಡುವುದಕ್ಕೆ ವಾರ ಮೊದಲೇ ಎಲ್ಲರನ್ನೂ ಕೂರಿಸಿ, ಮೊಬೈಲಿನಲ್ಲಿ ಕಾರ್ಡಿನ ಹೊರದೇಶದ ಬಳಕೆಯನ್ನು ಆನ್ ಮಾಡಿಸುತ್ತಾರೆ. ಒಬ್ಬೊಬ್ಬರ ಎರಡು ಕಾರ್ಡು ಎರಡು ಜೇಬಿನಲ್ಲಿರಬೇಕು. ಓಟಿಪಿ ಬರುವ ಸಿಮ್ಮನ್ನು ಮನೆಯಲ್ಲಿ ಬಿಟ್ಟು ಬರುವ ಬುದ್ಧಿವಂತರು ಪ್ರತಿ ತಂಡಕ್ಕೂ ಒಬ್ಬರಂತೆ ಇದ್ದೇ ಇರುತ್ತಾರಂತೆ.

ಇಷ್ಟೆಲ್ಲ ಮುಂದಾಲೋಚನೆಯ ಹೆಂಗಸು ಹೋದ ವರ್ಷ ಎಡವಿದ್ದು ತಮ್ಮ ಕೈಯ ಅಭ್ಯಾಸದಿಂದ. ನೋಟನ್ನು ಉದ್ದುದ್ದ ಮಡಚಿ ಬೆರಳ ಸಂದಿಯಲ್ಲಿ ಹಿಡಿಯುವುದು ಕಂಡಕ್ಟರ್ ಕೈಯ ಗುಣ. ಬೆಟ್ಟದ ಚಳಿಗೆ ದಪ್ಪ ಗ್ಲೌಸು ಹಾಕಿದ್ದರೂ ತಡಕಿದರೆ ಸಿಗಲಿ ಎಂದು ಡಾಲರುಗಳನ್ನೂ ಹಾಗೆಯೇ ಮಡಚಿ, ಚರ್ಮದ ಚೀಲಕ್ಕೆ ತುಂಬಿ ಜಾಕೆಟ್ಟಿನೊಳಗೆ ಇಟ್ಟುಕೊಂಡರು. ಏಳು ದಿನ ಬೆವರು, ಮಂಜು, ಮತ್ತೆ ಬೆವರು.

ಏಳನೇ ದಿನ ಬೆಟ್ಟದ ಬುಡದ ಗೇಟಿನಲ್ಲಿ ಮೂವತ್ನಾಲ್ಕು ಜನ ಸಾಲಾಗಿ ನಿಂತಿದ್ದರು. ಹಾಸನದ ಹನ್ನೊಂದು ಜನರ ಟೆಂಟು, ಅಕ್ಕಿ, ಉಪ್ಪಿನಕಾಯಿ ಹೊತ್ತವರು, ಅಡುಗೆಯವರು, ಗೈಡುಗಳು. ಅವರ ಇನಾಮನ್ನು ಅಲ್ಲೇ, ಕೈಯಲ್ಲೇ ಕೊಡುವುದು ಪದ್ಧತಿ. ಎಮಾನುಯೆಲ್ ನೋಟು ಬಿಡಿಸಿ ನೋಡಿ, ಮುಜುಗರದಿಂದಲೇ ತಲೆ ಆಡಿಸಿದ. ಮಡಿಕೆಯಲ್ಲಿ ಸೀಳು ಬಿಟ್ಟ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಎರಡು ಸಾವಿರದ ಆರುನೂರರಲ್ಲಿ ಸಾವಿರದ ನೂರು ಡಾಲರು ಕೆಲಸಕ್ಕೆ ಬಾರದಾಯಿತು. ಇಪ್ಪತ್ತೆರಡು ಹೊರೆಯಾಳುಗಳಿಗೆ ತಲಾ ಐವತ್ತು ಕೊಡಬೇಕಿದ್ದ ಹಣ. ಗೇಟಿನ ಕಾರ್ಡ್ ಮೆಷಿನ್ನಿಗೆ ಸಿಗ್ನಲ್ ಇಲ್ಲ. ಎಟಿಎಂ ಇರುವ ಪೇಟೆ ಒಂದು ಗಂಟೆಯ ದಾರಿ. ಅಷ್ಟರಲ್ಲಿ ಈ ಇಪ್ಪತ್ತೆರಡು ಜನ ತಂತಮ್ಮ ಊರಿಗೆ ಚದುರುತ್ತಾರೆ, ಬರಿಗೈಯಲ್ಲಿ.

ಹಾಸನದವರೆಲ್ಲ ಆಗಲೇ ಮಿನಿಬಸ್ಸಿನಲ್ಲಿ ಕೂತಾಗಿತ್ತು. ನೇತ್ರಾ ಬಸ್ ಹತ್ತಿ, ತಪ್ಪು ತನ್ನದು ಎಂದು ಮೊದಲು ಹೇಳಿ, ಒಳ್ಳೆಯ ನೂರರ ನೋಟು ಹನ್ನೊಂದು ಬೇಕು ಎಂದರು. ಇದ್ದಬದ್ದದ್ದನ್ನೆಲ್ಲ ನಿಮಗೇ ಕೊಟ್ಟಿದ್ದೇವಲ್ಲ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ನೇತ್ರಾಗೆ ಧೈರ್ಯ ಬಂದಿದ್ದೇ ಆ ಮಾತಿನಿಂದ.

"ಗಾಡೀಲಿ ಚಿಲ್ರೆ ಇಲ್ಲ ಅಂತ ಯಾರು ಮೊದ್ಲು ಏಳ್ತಾರೋ, ಅವ್ರತ್ರಾನೇ ಇರಾದು ಸಾ."

ಅವರು ಹಿಂದಿನ ಸೀಟಿನಿಂದ ಶುರು ಮಾಡಿದರು. ಯಾರನ್ನೂ ಬೈಯಲಿಲ್ಲ, ಬೇಡಲಿಲ್ಲ. ಒಬ್ಬೊಬ್ಬರ ಮುಂದೆ ಕೈ ಚಾಚಿ ಸುಮ್ಮನೆ ನಿಂತರು, ಪೂರ್ತಿ ಟಿಕೆಟ್ಟಿನ ವಯಸ್ಸಿನ ಮಗನಿಗೆ ಅರ್ಧ ಟಿಕೆಟ್ ಕೇಳುವ ತಂದೆಯ ಮುಂದೆ ನಿಲ್ಲುವ ಹಾಗೆ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಸಿದ್ದೇಶ್ವರ ಕಿಟಕಿಯಾಚೆ ನೋಡಿದರು, ಕೆಮ್ಮಿದರು, ಕೊನೆಗೆ ಪಾಸ್‌ಪೋರ್ಟಿನ ಕವರಿನೊಳಗಿಂದ ಮೂರು ನೋಟು ಎಳೆದರು. ಪಕ್ಕದಲ್ಲಿದ್ದ ಹೆಂಡತಿ ಯಶಸ್ವಿನಿ, ತನಗೇ ಹೇಳದೆ ಇಟ್ಟಿದ್ದಿರಾ ಎಂದು ಗಂಡನನ್ನು ಝಾಡಿಸುತ್ತಿದ್ದರು. ನೇತ್ರಾರ ಕೈ ಮಾತ್ರ ಅಲ್ಲಿಂದ ಕದಲಲಿಲ್ಲ. ಯಶಸ್ವಿನಿಯವರ ಪೂಜೆಯ ಪುಟ್ಟ ಪುಸ್ತಕದ ಹಾಳೆಗಳ ನಡುವಿನಿಂದ ಎರಡು ನೋಟು ಹೊರಬಂದವು. ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ಕೇಳುವುದೇ ಬೇಕಾಗಲಿಲ್ಲ. ಬಾಯ್ತುಂಬ ನಕ್ಕವರು ತಂತಮ್ಮ ಗುಟ್ಟಿನ ಜೇಬಿಗೆ ಕೈ ಹಾಕಿದರು. ಹನ್ನೊಂದನೇ ನೋಟು ಮುಖಂಡ ಶಶಿಕಿರಣ್ ಅವರದೇ.

ನೋಟು ಹನ್ನೊಂದು, ಜನ ಇಪ್ಪತ್ತೆರಡು. ನೇತ್ರಾ ಎಮಾನುಯೆಲ್‌ನಿಂದ ಯಾರು ಯಾವ ಊರು ಎಂದು ಕೇಳಿಸಿ, ಒಂದೇ ಊರಿನ ಇಬ್ಬಿಬ್ಬರನ್ನು ಜೋಡಿ ಮಾಡಿ, ಜೋಡಿಗೊಂದು ನೂರರ ನೋಟು ಕೊಟ್ಟರು. ಹೆಸರು ಕರೆದು, ಇಬ್ಬರೂ ನೋಟು ಮುಟ್ಟಿದ ಮೇಲೆಯೇ ಕೈ ಬಿಟ್ಟರು. ಕೊನೆಯ ಜೋಡಿ ಇವರ ಖಾಕಿ ಬಣ್ಣದ ಟೋಪಿಗೆ ಸೆಲ್ಯೂಟ್ ಹೊಡೆದು ಹೋಯಿತಂತೆ.

ಊರಿಗೆ ಬಂದು, ನೂರು ಕೊಟ್ಟವರಿಗೆ ತೀರಿಸಲು ಸೀಳಿದ ನೋಟು ಬದಲಾಯಿಸುವಾಗ ಬ್ಯಾಂಕಿನವರು ಮುರಿದುಕೊಂಡ ಮೂರು ಸಾವಿರದ ನಾನೂರು ರೂಪಾಯಿಯನ್ನು ಯಾರೆಷ್ಟು ಬೇಡವೆಂದರೂ ನೇತ್ರಾ ತಮ್ಮ ಕೈಯಿಂದ ಕಟ್ಟಿದರು. ಬೆಟ್ಟದ ತುದಿ ಹೇಗಿತ್ತು ಎಂದರೆ, ಅಲ್ಲಿ ಯಾರಿಗೂ ದುಡ್ಡು ಕೊಡುವುದಿರಲಿಲ್ಲ, ಅದಕ್ಕೇ ಹತ್ತು ನಿಮಿಷ ಆರಾಮಾಗಿ ಕೂತಿದ್ದೆ ಎನ್ನುತ್ತಾರೆ.

ಐದೂಕಾಲು. ಚೀಲ ಹೆಗಲಿಗೆ ಏರಿದೆ. ಹೊರಡುವ ಮುನ್ನ ಅವರು ಮೊಬೈಲಿನಲ್ಲಿ ಒಂದು ಮೆಸೇಜು ತೋರಿಸುತ್ತಾರೆ. ಈ ಸಲದ ಸಾಮಾನು ಹೊರಲು ಅದೇ ಹುಡುಗರು ಬರುತ್ತಾರಾ ಎಂದು ಶಶಿಕಿರಣ್ ಬರೆದಿದ್ದಕ್ಕೆ ಎಮಾನುಯೆಲ್ ಕಳಿಸಿದ ಉತ್ತರ ಅದು: ಹುಡುಗರು ಒಂದು ಮಾತು ತಿಳಿಯಬೇಕಂತೆ, ಆ ಕಂಡಕ್ಟರ್ ಅಮ್ಮ ಬರ್ತಾರಾ?

"ನೋಡಿ ಸಾ," ಎಂದು ನೇತ್ರಾ ಚಪ್ಪಲಿ ಮೆಟ್ಟುತ್ತಾರೆ. "ಎಷ್ಟು ಕೊಡ್ತೀರಾ ಅಂತ ಕೇಳ್ಲಿಲ್ಲ. ಯಾರು ಕೊಡಾದು ಅಂತ ಕೇಳವ್ರೆ."